ನಂಬರ್ ಪ್ಲೇಟಿನ ಅಳತೆ

ಚಿಕ್ಕದೇ ಸಾಕು ಎಂದರು ಅಪ್ಪ. ದೊಡ್ಡದೇ ಇರಲಿ ಎಂದಳು ಮಗಳು. ನಂಬರ್ ಪ್ಲೇಟ್ ಅಂಗಡಿಯವನು ಎರಡು ಕೈಯಲ್ಲಿ ಎರಡು ಮಾದರಿ ಹಿಡಿದು ತಕ್ಕಡಿಯ ಹಾಗೆ ನಿಂತಿದ್ದ. ಒಂದು ಉದ್ದಕ್ಕೆ ತೆಳ್ಳಗೆ, ಅಂಕಿಗಳೆಲ್ಲ ಒಂದೇ ಸಾಲಿನಲ್ಲಿ. ಇನ್ನೊಂದು ಅಗಲ, ಎರಡು ಸಾಲು, ಅಂಗೈಯಷ್ಟು ದೊಡ್ಡ ಅಂಕಿಗಳು. ಎರಡಕ್ಕೂ ಕಾನೂನಿನ ಒಪ್ಪಿಗೆ ಇದೆ, ಜಗಳ ನೀವೇ ಬಗೆಹರಿಸಿಕೊಳ್ಳಿ ಎಂದು ಅವನು ಆಗಲೇ ಕೈತೊಳೆದುಕೊಂಡಿದ್ದ.

ಅಪ್ಪ ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಕಾರು ಕೊಂಡವಳು ಮಗಳು, ಆದರೆ ಮೂರು ದಿನದಿಂದ ಕೀಲಿ ಇದ್ದದ್ದು ಅಪ್ಪನ ಜೇಬಿನಲ್ಲಿ. ನಂಬರು ಬಂದ ದಿನವೇ ಅದನ್ನು ಬಾಯಿಪಾಠ ಮಾಡಿ, ಕೇಳಿದವರಿಗೆ, ಕೇಳದವರಿಗೆ ಎಲ್ಲರಿಗೂ ಒಪ್ಪಿಸುತ್ತಿದ್ದರು. ಸೋಮವಾರದಿಂದ ಮೊಮ್ಮಗಳನ್ನು ಶಾಲೆಗೆ ಬಿಡುವವರು ತಾವೇ ಎಂದು ಸಾರಿಯೂ ಬಿಟ್ಟಿದ್ದರು. ಮುಂದಿನ ಸೀಟು ತನ್ನದು ಎಂದು ಆ ಪುಟ್ಟಿ ಅದರ ಮೇಲೆ ತನ್ನ ಗೊಂಬೆಯನ್ನು ಕೂರಿಸಿಟ್ಟಿದ್ದಳು.

ಮಗಳ ನಿದ್ದೆ ಕೆಡಿಸಿದ್ದು ಆ ಸೋಮವಾರವೇ. ಕಾರು ಮನೆಗೆ ಬಂದ ದಿನವೇ ಅದರ ಎಡಗಡೆ ಗೇಟಿಗೆ ಉಜ್ಜಿತ್ತು. ಗೇಟು ಹಾಕಿದವನಿಗೆ ಅಳತೆ ಗೊತ್ತಿಲ್ಲ ಎಂದರು ಅಪ್ಪ. ಗೇಟು ಹಾಕಿ ಇಪ್ಪತ್ತು ವರ್ಷವಾಗಿತ್ತು. ಇವತ್ತು ಅಂಗಡಿಗೆ ಬರುವಾಗಲೂ, ಪಕ್ಕದಲ್ಲಿ ಕೂತ ಅವಳ ಕಾಲು ತನ್ನ ಕಡೆ ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತುತ್ತಲೇ ಇತ್ತು. ಕಣ್ಣಿನ ಡಾಕ್ಟರ ಮಾತೆತ್ತಿದರೆ ಅಪ್ಪ ಇಂದು ನಾಳೆ ಎನ್ನುತ್ತಿದ್ದರು. ಸೈಕಲ್ಲಿನಿಂದ ಹಿಡಿದು ಎಲ್ಲವನ್ನೂ ಓಡಿಸಲು ಕಲಿಸಿದವರಿಗೆ, ಅಪ್ಪಾ ಇನ್ನು ಸಾಕು ಎಂದು ಯಾವ ಬಾಯಿಂದ ಹೇಳುವುದು?

"ಅಷ್ಟು ದಪ್ಪ ಅಂಕಿ ಲಾರಿಗೆ ಚೆಂದ," ಎಂದರು ಅಪ್ಪ.

"ದೂರದಿಂದಲೂ ಓದೋಕೆ ಆಗ್ಬೇಕಲ್ಲಪ್ಪ."

ಮಾತು ಬಾಯಿಂದ ಜಾರಿತ್ತು. ಅಪ್ಪ ದಡ್ಡರಲ್ಲ, ಅದರ ಹಿಂದಿದ್ದದ್ದು ಅವರಿಗೆ ಕೇಳಿಸಿತು. ಸಮಾಧಾನದಿಂದಲೇ ಹೇಳಿದರು. "ಚಿಕ್ಕದನ್ನೇ ಕಾರಿಗೆ ಹಾಕಿಸು. ಎದುರು ಫುಟ್‌ಪಾತ್‌ನಿಂದ ಓದ್ತೀನಿ. ಓದಿದ್ರೆ ಸೋಮವಾರದ ವಿಷ್ಯಕ್ಕೆ ನೀನು ಅಡ್ಡ ಬರ್ಬಾರ್ದು."

ಓದದೇ ಇದ್ದರೆ ಏನು ಎಂದು ಅವಳು ಕೇಳಲಿಲ್ಲ. ಅಪ್ಪ ಅಷ್ಟರಲ್ಲಿ ರಸ್ತೆ ದಾಟಿಯಾಗಿತ್ತು.

ಅಂಗಡಿಯವನದು ಒಂದು ಪದ್ಧತಿ. ಅಂಕಿ ಉಬ್ಬುವಂತೆ ಒತ್ತುವುದಕ್ಕೆ ಮುಂಚೆ ಖಾಲಿ ತಗಡನ್ನೇ ಕಾರಿಗೆ ಹಿಡಿದು, ಜಾಗಕ್ಕೆ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡುವುದು. ಒಮ್ಮೆ ಯಂತ್ರದಡಿ ಹೋಗಿ ಬಂದ ತಗಡು ಇನ್ನೊಬ್ಬರಿಗೆ ಆಗುವುದಿಲ್ಲವಲ್ಲ. ಅಭ್ಯಾಸ ಬಲದಿಂದ ಅವನು ಒಂದು ಬಿಳಿ ತಗಡು ತಂದು, ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಂಪರಿಗೆ ಒತ್ತಿ ಹಿಡಿದ. ಎದುರುಗಡೆ, ಬಾಗಿಲು ಹಾಕಿದ್ದ ದರ್ಜಿ ಅಂಗಡಿಯ ಮುಂದೆ, ಅಪ್ಪ ಕೈ ಹಿಂದೆ ಕಟ್ಟಿ ಎದೆಯೆತ್ತಿ ನಿಂತಿದ್ದರು. ಇನ್ನೂ ಒತ್ತಿಲ್ಲ ಯಜಮಾನ್ರೇ ಎಂದು ಇವನು ಕೂಗುವ ಮೊದಲೇ ಆ ಕಡೆಯಿಂದ ನಂಬರು ಬಂತು. ಅಕ್ಷರ, ಅಂಕಿ, ಒಂದೂ ತಪ್ಪದೆ, ತುಂಬಿದ ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವ ದನಿಯಲ್ಲಿ.

ಅಂಗಡಿಯವನು ತಗಡು ನೋಡಿದ. ಮಗಳ ಮುಖ ನೋಡಿದ. "ಇದರಲ್ಲಿ ಏನೂ ಇಲ್ವಲ್ಲಮ್ಮ," ಎಂದ ಮೆಲ್ಲಗೆ. ಗೊತ್ತು ಎಂಬಂತೆ ಅವಳು ತಲೆಯಾಡಿಸಿದಳು. ಬೇಕಿದ್ದರೆ ನಾನೇನೂ ನೋಡಿಲ್ಲ ಎಂದುಕೊಳ್ಳುತ್ತೇನೆ ಎಂದ ಆ ಪುಣ್ಯಾತ್ಮ. ಅವಳಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಗೆದ್ದ ಖುಷಿಯಲ್ಲಿ ಅಪ್ಪ ರಸ್ತೆ ದಾಟಿ ಬರುತ್ತಿದ್ದರು. ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ನಗು ಇತ್ತು. ಬಲಗಡೆಯಿಂದ ಬಂದ ಸ್ಕೂಟರೊಂದು ಕಿರ್ ಎಂದು ಬ್ರೇಕು ಹಾಕಿ ಅವರನ್ನು ಬಳಸಿಕೊಂಡು ಹೋಯಿತು. ಅವರು ಅತ್ತ ತಿರುಗಿಯೂ ನೋಡಲಿಲ್ಲ. ಮಗಳು ಕಾರಿನತ್ತ ತಿರುಗಿದಳು. ಕಾರಿನೊಳಗೆ ಮುಂದಿನ ಸೀಟಿನಲ್ಲಿ ಗೊಂಬೆ ಇನ್ನೂ ಕೂತೇ ಇತ್ತು.

"ಹೇಗೆ?" ಎಂದರು ಅಪ್ಪ, ಹತ್ತಿರ ಬಂದು.

ಅವಳು ತಗಡನ್ನು ಅಂಗಡಿಯವನ ಕೈಯಿಂದ ತೆಗೆದುಕೊಂಡು ಅಪ್ಪನ ಕೈಗೆ ಇಟ್ಟಳು. "ಮುಟ್ಟಿ ನೋಡಪ್ಪ," ಎಂದಳು.

ಅಪ್ಪನ ಹೆಬ್ಬೆರಳು ತಗಡಿನ ಮೇಲೆ ಎಡದಿಂದ ಬಲಕ್ಕೆ ಹೋಯಿತು. ಎಲ್ಲೂ ತಡೆಯಲಿಲ್ಲ. ಮಗುಚಿ ಆ ಕಡೆಯೂ ಸವರಿದರು, ನುಣುಪಾಗಿಯೇ ಇತ್ತು. ಮತ್ತೆ ಮುಂಭಾಗಕ್ಕೆ ಬಂದು, ಈ ಸಲ ತೀರಾ ನಿಧಾನವಾಗಿ, ಅಂಕಿಗಳು ಇರಬೇಕಾಗಿದ್ದ ಜಾಗದಲ್ಲೆಲ್ಲ ಬೆರಳಾಡಿಸಿದರು. ಅಂಗಡಿಯವನು ತನಗೇನೋ ಕೆಲಸವಿರುವವನಂತೆ ಸ್ಕ್ರೂ ಡಬ್ಬಿ ಕೆದಕತೊಡಗಿದ.

"ಬೆಳ್ಳಗೆ ಕಾಣ್ತು," ಎಂದರು ಅಪ್ಪ ಕೊನೆಗೆ. "ಅಂಕಿ ಇದ್ದೇ ಇರುತ್ತೆ ಅಂದ್ಕೊಂಡೆ."

ಜೇಬಿಗೆ ಕೈಹಾಕಿ ಕೀಲಿ ತೆಗೆದರು. ಅಂಗಿಯ ತುದಿಯಲ್ಲಿ ಒಮ್ಮೆ ಒರೆಸಿ ಮಗಳ ಕೈಗೆ ಕೊಟ್ಟು, ಅಂಗಡಿಯವನ ಕಡೆ ತಿರುಗಿದರು.

"ದೊಡ್ಡದೇ ಒತ್ತಪ್ಪ. ಇನ್ಮೇಲೆ ಅದನ್ನ ಹೊರಗೆ ನಿಂತು ನೋಡೋನು ನಾನು."