ಕಣ್ಣಿಗೂ ಬಾಯಿಗೂ ಒಂದೇ ಕೇಬಲ್

“ಮಗಳೇ, ಒಲೆ ಆರಿಸಿ ಮೇಲೆ ಬಾ.”

ದನಿ ಬಂದದ್ದು ಗೋಡೆಯಿಂದ. ಸೊಸೆ ಬೆಚ್ಚಿ ಸೌಟು ಕೆಳಗೆ ಹಾಕಿದಳು. ಮತ್ತೆ ಕೆಲಸಕ್ಕೆ ಹೋಗುವ ಮಾತನ್ನು ಆಗಷ್ಟೇ ಎತ್ತಿದ್ದಳು. ಮೆಲ್ಲಗೆ “ಬೇಡ” ಎಂದು ಅವಳ ತೋಳು ಹಿಡಿದು ನಿಂತಿದ್ದ ಗಂಡ ತಟ್ಟನೆ ಕೈಬಿಟ್ಟ. ಬಾಗಿಲ ಮೇಲಿನ ಕ್ಯಾಮೆರಾ ನೋಡಿ ನಕ್ಕ.

“ಹೋಗು, ಮಹಾರಾಣಿ ಕರೀತಿದಾರೆ.”

ಮಹಡಿಯ ಕೋಣೆಯಲ್ಲಿ ಅತ್ತೆಗೆ ಬೇಕಾದದ್ದು ಏನೂ ಇರಲಿಲ್ಲ. ದಿಂಬು ಸರಿಮಾಡಿಸಿಕೊಂಡರು. ಕಿಟಕಿ ತೆಗೆಸಿದರು, ಮತ್ತೆ ಹಾಕಿಸಿದರು. “ಸ್ವಲ್ಪ ಹೊತ್ತು ಇಲ್ಲೇ ಕೂತಿರು” ಎಂದರು. ಮಡಿಲಲ್ಲಿದ್ದ ಟ್ಯಾಬ್ಲೆಟ್‌ನಿಂದ ಮಾತ್ರ ಕಣ್ಣು ಕೀಳಲಿಲ್ಲ. ಅದರಲ್ಲಿ ಅಡುಗೆಮನೆ, ನಡುಮನೆ, ಹಿತ್ತಲು, ಎಲ್ಲವೂ ಪುಟ್ಟ ಪುಟ್ಟ ಚೌಕಗಳು. ಕೆಳಗೆ ಗಂಡ ಹೊರಟುಹೋದ ಸದ್ದಾಯಿತು.

“ಇನ್ನು ಹೋಗು” ಎಂದರು ಅತ್ತೆ.

ಮದುವೆಯಾಗಿ ಬಂದಾಗಿನಿಂದ ಇದೇ ಪಾಡು. ಅವಳೊಬ್ಬಳೇ ಗಂಟೆಗಟ್ಟಲೆ ಪಾತ್ರೆ ತಿಕ್ಕುತ್ತಿದ್ದರೆ ಗೋಡೆ ಮೂಕ. ಗಂಡ ಹತ್ತಿರ ಬಂದರೆ ಸಾಕು, ಗೋಡೆಗೆ ಬಾಯಿ ಬರುತ್ತಿತ್ತು. ರಾತ್ರಿಯೂ ಬಿಡುವಿಲ್ಲ. ಗಂಡ ಹೆಂಡತಿಯ ಕೋಣೆ ಅತ್ತೆಯ ಕೋಣೆಗೆ ಒತ್ತಿಕೊಂಡಿತ್ತು. ಇತ್ತ ಸ್ವಲ್ಪ ದನಿ ಎದ್ದರೂ ಅತ್ತಲಿಂದ ಕೆಮ್ಮು. ಮಗನನ್ನು ಸೊಸೆಗೆ ಬಿಟ್ಟುಕೊಡಲಾರದ ಹೊಟ್ಟೆಕಿಚ್ಚು ಎಂದು ಅವಳು ಹಲ್ಲು ಕಚ್ಚಿಕೊಂಡಿದ್ದಳು.

ಕ್ಯಾಮೆರಾ ಹಾಕಿದವನು ಗಂಡನೇ. ಕಚೇರಿಗಳಿಗೆ ನೆಟ್‌ವರ್ಕ್ ಜೋಡಿಸಿಕೊಡುವುದು ಅವನ ಕಸುಬು. ಅತ್ತೆ ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡು ನಡೆಯಲಾರದಾಗಿ, ಆಸ್ಪತ್ರೆಯಿಂದ ಬಂದವರೇ ಕ್ಯಾಮೆರಾ ಬೇಕೆಂದು ಹಠ ಹಿಡಿದರಂತೆ. “ಹಾಕದೆ ಬೇರೆ ದಾರಿ ಇರಲಿಲ್ಲ” ಎನ್ನುತ್ತಿದ್ದ.

ಆ ಸಂಜೆ ಅವಳು ಕೇಳಿದಳು. “ಇದಕ್ಕೆ ಕರೆಂಟ್ ಎಲ್ಲಿಂದ ಬರುತ್ತೆ ರೀ? ಪ್ಲಗ್ಗೇ ಕಾಣಲ್ಲ.”

ಗಂಡನಿಗೆ ಖುಷಿಯಾಯಿತು. ಮೆಟ್ಟಿಲ ಕೆಳಗಿನ ಕಪಾಟು ತೆರೆದು ತೋರಿಸಿದ. ಒಳಗೊಂದು ಚಪ್ಪಟೆ ಪೆಟ್ಟಿಗೆ, ಸಾಲು ಹಸಿರು ದೀಪ, ಒಂದೊಂದು ಕೇಬಲ್ಲಿಗೂ ಅಂದವಾದ ಚೀಟಿ.

“ಪ್ಲಗ್ ಯಾಕೆ? ಚಿತ್ರ, ಮಾತು ಓಡಾಡೋ ಕೇಬಲ್ಲಲ್ಲೇ ಕರೆಂಟೂ ಹೋಗುತ್ತೆ. ಕಳಿಸೋದು ಈ ಪೆಟ್ಟಿಗೆ, ಇದಕ್ಕೆ ಸ್ವಿಚ್ ಅಂತಾರೆ. ಹಾಗಂತ ಸಿಕ್ಕವರಿಗೆಲ್ಲ ಕೊಡಲ್ಲ. ಆ ತುದೀಲಿ ಯಾರಿದಾರೆ ಅಂತ ಮೊದಲು ಮೆಲ್ಲಗೆ ಮುಟ್ಟಿ ನೋಡುತ್ತೆ. ಬೇಕು ಅನ್ನೋ ಗುರುತು ಸಿಕ್ಕರೆ ಕೊಡುತ್ತೆ. ಇಲ್ಲದಿದ್ದರೆ ಕೈಕಟ್ಟಿ ಕೂತಿರುತ್ತೆ.”

“ನಿಮ್ಮಮ್ಮನಿಗಿಂತ ಮರ್ಯಾದಸ್ಥ.”

ಅವನು ಹೊಟ್ಟೆ ಹಿಡಿದು ನಕ್ಕ. ನಕ್ಕು, ಒಂದು ಚೀಟಿಯ ಮೇಲೆ ಬೆರಳಿಟ್ಟ. “ಇದು ಅಡುಗೆಮನೇದು. ಕ್ಲಿಪ್ ಒತ್ತಿ ಎಳೆದರೆ ಆಯ್ತು. ಕಣ್ಣೂ ಬಂದ್, ಬಾಯೂ ಬಂದ್.”

“ಮತ್ತೆ ನೀವೇ ಎಳೀಬಾರದಾ?”

“ನಾನು ಎಳೆದರೆ ಅಮ್ಮ ಸುಮ್ಮನೆ ಬಿಡಲ್ಲ.” ಅವಳ ಕೆನ್ನೆ ತಟ್ಟಿದ. “ನೀನಾದರೆ ಗೊತ್ತಿಲ್ಲದೆ ಎಳೆದೆ ಅನ್ನಬಹುದು.”

ಭಾನುವಾರ ಬೆಳಿಗ್ಗೆ ಅವಳು ಹಿಂದೆ ಪಾಠ ಮಾಡುತ್ತಿದ್ದ ಶಿಶುವಿಹಾರದಿಂದ ಫೋನ್ ಬಂತು. ಫೋನ್ ಇಟ್ಟವಳೇ ನೇರ ಕಪಾಟಿಗೆ ಹೋದಳು. ಕ್ಲಿಪ್ ಒತ್ತಿದಳು, ಎಳೆದಳು. ಒಂದು ಹಸಿರು ದೀಪ ಆರಿತು. ಇಷ್ಟೇನಾ ಎನಿಸಿತು.

ಮಹಡಿಯಿಂದ ಕೂಗು ಬಂದದ್ದು ಆ ಕೂಡಲೇ. “ಮಗಳೇ! ಅಡುಗೆಮನೆ ಕಾಣ್ತಿಲ್ಲ! ಮೇಲೆ ಬಾ!”

“ಎಲ್ಲೋ ಸಡಿಲ ಆಗಿರಬೇಕು ಅತ್ತೆ. ಕೈ ಬಿಡುವಾದಾಗ ಬರ್ತೀನಿ.”

“ಈಗಲೇ ಬಾ! ಅವನು ಮನೇಲಿದಾನೆ! ನಿನ್ನ ಕಾಲಿಗೆ ಬೀಳ್ತೀನಿ, ಬಾರೇ!”

ಅವಳ ಹೊಟ್ಟೆ ತಣ್ಣಗಾಯಿತು. ಇಷ್ಟು ದಿನ ಕುಣಿಸಿದ ಮುದುಕಿ ಕಾಲಿಗೆ ಬೀಳುವ ಮಟ್ಟಕ್ಕೆ ಬಂದಿದ್ದಳು. ಕೂಗಲಿ, ಗಂಟಲು ಹರಿಯುವವರೆಗೆ ಕೂಗಲಿ. ಅಡುಗೆಮನೆಗೆ ಹೋಗಿ ಬಾಗಿಲೆಳೆದುಕೊಂಡಳು. ಕೂಗು ಸಣ್ಣದಾಯಿತು. ನಲ್ಲಿ ತಿರುಗಿಸಿದಳು. ಕೂಗು ನಿಂತೇಹೋಯಿತು.

ಗಂಡ ಒಳಗೆ ಬಂದು ಚಿಲಕ ಹಾಕಿದ. ಅವಳು ನಾಚಿ ನಕ್ಕಳು. ಸಂತೋಷ ತಡೆಯಲಾಗದೆ ಹೇಳಿಯೇಬಿಟ್ಟಳು.

“ಶಿಶುವಿಹಾರಕ್ಕೆ ಹೂಂ ಅಂದುಬಿಟ್ಟೆ ರೀ. ನಾಳೆಯಿಂದ ಹೋಗ್ತೀನಿ.”

ಅವನು ಮೊದಲು ನೋಡಿದ್ದು ಅವಳನ್ನಲ್ಲ, ಬಾಗಿಲ ಮೇಲಿನ ಕ್ಯಾಮೆರಾವನ್ನು. ಅದು ಸತ್ತಿತ್ತು. ಆಮೇಲೆ ಅವಳತ್ತ ತಿರುಗಿದ. ದನಿ ಏರಲೂ ಇಲ್ಲ.

“ಬೇಡ ಅಂದಿದ್ದೆ ತಾನೇ? ಅಮ್ಮನಿಗೂ ಒಂದೇ ಸಲ ಹೇಳಿದ್ದು. ಮೆಟ್ಟಿಲ ಮೇಲೆ.”

ನಲ್ಲಿ ಸುರಿಯುತ್ತಲೇ ಇತ್ತು. ಅವಳ ಕೂಗು ಕೂಡ ಆ ಸದ್ದನ್ನು ದಾಟಿ ಹೋಗಲಿಲ್ಲ.

ಬೈಕಿನ ಸದ್ದು ಬೀದಿ ದಾಟಿ ಎಷ್ಟೋ ಹೊತ್ತಾಗಿತ್ತು. ಅವಳು ಒಲೆಯ ಕಟ್ಟೆಯ ಬುಡದಲ್ಲಿ ಬಿದ್ದಿದ್ದಳು. ಬಲಗೈ ಏಳುತ್ತಿರಲಿಲ್ಲ. ಒಂದು ಕಿವಿ ಕೇಳಿಸುತ್ತಿರಲಿಲ್ಲ. ಇನ್ನೊಂದು ಕಿವಿಗೆ ಏನೋ ತೆವಳುವ ಸದ್ದು ಬಿತ್ತು. ಹೊಸ್ತಿಲಲ್ಲಿ ಅತ್ತೆ. ಒಂದೊಂದೇ ಮೆಟ್ಟಿಲು ಕುಂಡೆಯ ಮೇಲೆ ಜಾರಿ ಇಳಿದು, ಅಲ್ಲಿಂದ ಮೊಣಕೈ ಊರಿ ತೆವಳಿ ಬಂದಿದ್ದರು. ಮೊಣಕೈ ತರಚಿ ರಕ್ತ ಸೋರುತ್ತಿತ್ತು. ಸೊಂಟ ತಿರುಗಬಾರದ ಕಡೆಗೆ ತಿರುಗಿತ್ತು.

ಆಗಲೂ ಅವಳಿಗೆ ಸಿಟ್ಟು ಬಂದದ್ದು ಅತ್ತೆಯ ಮೇಲೆಯೇ. ಮುದುಕಿ ಬಂದದ್ದು ತನ್ನನ್ನು ನೋಡಿ ನಗುವುದಕ್ಕೆ ಎಂದುಕೊಂಡಳು. ಒಡೆದ ತುಟಿಯಲ್ಲೇ ಹೇಳಿದಳು. “ತೃಪ್ತಿ ಆಯ್ತಾ ಅತ್ತೆ? ಹಗಲೂ ರಾತ್ರಿ ನನ್ನ ಮೇಲೆ ಕಣ್ಣಿಟ್ಟಿದ್ರಲ್ಲ. ನೋಡಿ, ಕಣ್ತುಂಬ ನೋಡಿ.”

ಅತ್ತೆ ಅವಳ ತಲೆಯನ್ನು ತಮ್ಮ ತೊಡೆಗೆಳೆದುಕೊಂಡರು. ಏದುಸಿರು ಬಿಡುತ್ತಲೇ ಹೇಳಿದರು.

“ನಿನ್ನ ಮೇಲಲ್ಲ ಕಣೇ. ಅವನ ಮೇಲೆ.”