ತಲೆ ತಗ್ಗಿಸಿ ನೋಡಿದ ಊರು

“ಹೊರಗೆ ಬಿಸಿಲು ಬಂತೋ, ಇನ್ನೂ ಮೋಡವೋ?”

ಅಂಬುಜಮ್ಮ ಕೇಳಿದ್ದು ಕಾಲಡಿಯ ಕಾರ್ಪೆಟ್ಟನ್ನು. ಇಂಗ್ಲಿಷರ ನಾಡಿನ ಕೆಂಟನ್ನಿನ ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಗಳು ಅಪೂರ್ವಾ ಡ್ಯೂಟಿಗೆ ಹೋಗಿದ್ದಳು. ಸಂಜೆ ಬಂದು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗುವವಳಿದ್ದಳು. ಅಂಬುಜಮ್ಮನ ಬಲಗಣ್ಣಿನ ಒಳಪದರದಲ್ಲಿ ತೂತು ಬಿದ್ದಿತ್ತು. ಅದನ್ನು ಮುಚ್ಚಿಸಲು ಡಾಕ್ಟರು ಕಣ್ಣೊಳಗೆ ಗಾಳಿಯ ಗುಳ್ಳೆ ಬಿಟ್ಟಿದ್ದರು. ಗುಳ್ಳೆ ತೂತಿಗೆ ಒತ್ತಿಕೊಂಡಿರಬೇಕಾದರೆ ಮುಖ ನೆಲ ನೋಡುತ್ತಲೇ ಇರಬೇಕು. ಊಟ, ನಿದ್ದೆ, ಜಪ, ಎಲ್ಲವೂ ಹಾಗೆಯೇ. ಎಡಗಣ್ಣು ಎಂದೋ ಹೋಗಿತ್ತು. ಇದೂ ಹೋದರೆ ಉಳಿಯುವುದು ಕತ್ತಲೆಯೇ. ಇವತ್ತೊಂದು ದಿನ ಕಳೆದರೆ ಏನೆಂದು ಗೊತ್ತಾಗುತ್ತಿತ್ತು. ಆದರೆ ಕುತ್ತಿಗೆ ಕೇಳಬೇಕಲ್ಲ. ಟೀಪಾಯಿಯ ಮೇಲಿನ ದಿಂಬಿಗೆ ಹಣೆ ಒತ್ತಿ ಒತ್ತಿ ವಾರದಿಂದ ಅದು ಮರಗಟ್ಟಿಹೋಗಿತ್ತು.

ಅಷ್ಟರಲ್ಲಿ ಮೊಮ್ಮಗಳು ಇಂಚರಾಳ ಫೋನು ಬಂತು. ಸ್ಪ್ಯಾನಿಷ್ ಓದುತ್ತಿದ್ದ ಹುಡುಗಿ, ಈ ಟರ್ಮ್ ಮ್ಯಾಡ್ರಿಡ್‌ನಲ್ಲಿದ್ದಳು. ಇವತ್ತು ರಜೆ, ಟೊಲೆಡೊ ಎಂಬ ಹಳೇ ಊರು ನೋಡಲು ಒಬ್ಬಳೇ ಹೊರಟಿದ್ದಳು. ನೀನೂ ಬಾ ಅಜ್ಜಿ, ತಲೆ ಬಗ್ಗಿಸಿಕೊಂಡೇ ಬಾ, ನಾನು ಹೇಳ್ತಾ ಹೋಗ್ತೀನಿ ಎಂದಳು. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೇ ಬೆಳೆದವಳು ಅವಳು. ಅಜ್ಜಿಯ ಇಂಗ್ಲಿಷೋ, ಬಸ್ ಡ್ರೈವರಿಗೆ ಹೇಳುವ ಥ್ಯಾಂಕ್ಯೂಗೆ ಮುಗಿಯುವಂಥದು. ಹೀಗಾಗಿ ಇವತ್ತು ಇಡೀ ಊರನ್ನು ಕನ್ನಡದಲ್ಲೇ ಕಟ್ಟಬೇಕಿತ್ತು.

ಕಟ್ಟುವುದು ಹೇಗೆಂದು ಅಂಬುಜಮ್ಮನಿಗೆ ಗೊತ್ತಿತ್ತು. ಮೈಸೂರಿನ ಮನೆಯಲ್ಲಿ ತಂದೆ ಸಂಜೆಹೊತ್ತು ರಾಗವಾಗಿ ಕಾವ್ಯ ಓದುತ್ತಿದ್ದರೆ, ಕಂಬಕ್ಕೊರಗಿ ಕಣ್ಣು ಮುಚ್ಚಿ ಕೇಳುತ್ತ ಬೆಳೆದವರು. ಕವಿಯ ಬೆನ್ನಿಗೆ ಬಿದ್ದು ಹೊಸ ಪಟ್ಟಣಕ್ಕೆ ಹೋಗಲು ಒಂದು ಕ್ರಮವಿದೆ: ಮೊದಲು ನದಿ, ಆಮೇಲೆ ಕೋಟೆ, ಹೆಬ್ಬಾಗಿಲು, ಪೇಟೆ, ಕೊನೆಗೆ ಗುಡಿ. ಹುಡುಗಿ ಸ್ಟೇಷನ್ನಿನ ಕಾಫಿಯಿಂದ ಶುರುಮಾಡಿದಾಗ ಅಲ್ಲೇ ತಡೆದು, ನದಿ ಎಲ್ಲಿ ಎಂದರು. ಇದೆಯಂತೆ, ಗುಡ್ಡವನ್ನು ಮೂರು ಕಡೆಯಿಂದ ಬಳಸಿಕೊಂಡು ಹರಿಯುತ್ತಿದೆಯಂತೆ.

“ಹಂಸ ಇದೆಯೇನೇ?”

“ಹಂಸ ಇಲ್ಲ ಅಜ್ಜಿ. ಡಕ್... ಬಾತುಕೋಳಿ ಇದೆ.”

“ಹೋಗಲಿ, ಅದನ್ನೇ ಇಟ್ಟುಕೊಳ್ಳೋಣ. ಮುಂದೆ ನಡಿ.”

ಹೀಗೇ ನಡೆದರು. ಪದ ಸಿಗದ ಕಡೆ ಇಂಚರಾ ಅಡುಗೆಮನೆಯಿಂದ ಸಾಲ ತಂದಳು. ದಾರಿಗೆ ಹಾಸಿದ ಕಲ್ಲು ಆಲೂಗಡ್ಡೆಯ ಹಾಗಿತ್ತು, ಕೋಟೆಯ ಗೋಡೆ ಹಳೇ ಬೆಲ್ಲದ ಬಣ್ಣದ್ದು. ಪೇಟೆಯ ತುಂಬ ಕತ್ತಿಗಳು ಎಂದಾಗ ಅಂಬುಜಮ್ಮ ಗಾಬರಿಯಾಗಿ, ಯುದ್ಧವೇನಾದರೂ ಇದೆಯೇ ಎಂದು ವಿಚಾರಿಸಿದರು. ಇಲ್ಲವಂತೆ, ಊರು ನೋಡಲು ಬಂದವರು ಕೊಳ್ಳುತ್ತಾರಂತೆ. ಪಕ್ಕದಲ್ಲೇ ಬಾದಾಮಿ ಅರೆದು ಮಾಡಿದ ಮಿಠಾಯಿಯೂ ಇದೆಯೆಂದು ಕೇಳಿದ ಮೇಲೆ ಸಮಾಧಾನವಾಯಿತು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಕುತ್ತಿಗೆ ಬೆಂಕಿಯಾಯಿತು. ಅದೇ ಗಳಿಗೆಯಲ್ಲಿ ಬಾಗಿಲ ಗಂಟೆ ಬಾರಿಸಿತು, ಯಾರೋ ಪಾರ್ಸೆಲ್ ತಂದವರಿರಬೇಕು. ಅಂಬುಜಮ್ಮ ಕುರ್ಚಿಯ ಎರಡೂ ಕೈಗಳನ್ನು ಹಿಡಿದುಕೊಂಡರು.

“ಸಾಕು ಕಣೇ. ಇನ್ನು ತಡೆಯಕ್ಕಾಗಲ್ಲ. ಒಂದೇ ಒಂದು ಸಲ ತಲೆ ಎತ್ತಿಬಿಡ್ತೀನಿ.”

 ಆ ಕಡೆಯಿಂದ ಪಿಸುಮಾತು ಬಂತು. ಇಂಚರಾ ದೊಡ್ಡ ಚರ್ಚಿನ ಒಳಗಿದ್ದಳು.

“ಎತ್ತಬೇಡ ಅಜ್ಜಿ. ಕೇಳು. ನಾನು ಗರ್ಭಗುಡಿ ಹಿಂದೆ ಇದೀನಿ. ಇಲ್ಲಿ ತುಂಬಾ ಕತ್ತಲೆ ಇತ್ತಂತೆ. ಅದಕ್ಕೆ ಸೂರಿಗೇ ತೂತು ಮಾಡಿದಾರೆ. ಅಲ್ಲಿಂದ ಬಿಸಿಲು... ಬಿಸಿಲು ಸುರೀತಾ ಇದೆ.”

ಅಂಬುಜಮ್ಮನ ಕೈ ಹಿಡಿದಲ್ಲೇ ನಿಂತಿತು. ಗಂಟೆ ಮತ್ತೊಮ್ಮೆ ಬಾರಿಸಿ ಸುಮ್ಮನಾಯಿತು. ಅವರ ಹಣೆ ನಿಧಾನವಾಗಿ ದಿಂಬಿಗೆ ಮರಳಿತು.

“ಬಿಸಿಲು ಯಾರ ಮೇಲೆ ಬೀಳ್ತಿದೆ?”

“ತಾಯಿ. ತೊಡೆ ಮೇಲೆ ಮಗು.”

“ಹಾಗಾದರೆ ಗುರುತಿನವರೇ,” ಎಂದು ಅಂಬುಜಮ್ಮ ಮುಖದ ಕೆಳಗೇ ಕೈ ಮುಗಿದರು. ಅಪೂರ್ವಾ ಬಂದು ಬೀಗ ತೆಗೆಯುವವರೆಗೆ ಅಲುಗಾಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿನ ಚಿತ್ರವನ್ನು ಬಹಳ ಹೊತ್ತು ನೋಡಿ ಏನೋ ಹೇಳಿದರು. ಅಪೂರ್ವಾ ಕುರ್ಚಿಯನ್ನು ಅಮ್ಮನ ಹತ್ತಿರಕ್ಕೆ ಎಳೆದುಕೊಂಡಳು. ಅಂಬುಜಮ್ಮ ಅವಳ ಶೂಗಳ ಕಡೆಗೇ ಮುಖ ಮಾಡಿ ಕಾದರು.

“ಮುಚ್ಚಿಕೊಂಡಿದೆ ಅಮ್ಮ. ಗುಳ್ಳೆ ಕರಗಕ್ಕೆ ಇನ್ನೂ ಕೆಲವು ವಾರ ಬೇಕಂತೆ, ಆಮೇಲೆ ಕಾಣುತ್ತೆ. ಇನ್ನು ತಲೆ ಎತ್ತು.”

ತುಂಬಿದ ಕೊಡ ಹೊತ್ತವರಂತೆ ಅವರು ಮೆಲ್ಲಗೆ ತಲೆ ಎತ್ತಿದರು. ಇಡೀ ಕೋಣೆ ನೀರಿನಡಿ ಇದ್ದಂತೆ ತೂಗಾಡಿತು. ಆ ನೀರಿನಲ್ಲಿ ಮಗಳ ಮುಖ ಮಸುಕಾಗಿ ತೇಲುತ್ತಿತ್ತು. ಅಳುತ್ತಿದ್ದಾಳೆಂದು ದನಿಯಿಂದ ತಿಳಿಯಿತು.  ಮನೆಗೆ ಮರಳುವಾಗ ಕಾರಿನ ಸೀಟಿನಲ್ಲಿ ಅಂಬಾರಿಯಲ್ಲಿ ಕೂತವರ ಹಾಗೆ ನೆಟ್ಟಗೆ ಕೂತಿದ್ದರು.

ದಾರಿಯಲ್ಲೇ ಇಂಚರಾ ಫೋನು ಮಾಡಿದಳು. ಅಮ್ಮನಿಂದ ಸುದ್ದಿ ತಿಳಿದು, ನದಿಯ ಆಚೆ ದಡದಲ್ಲಿ ಒಬ್ಬಳೇ ಕುಣಿದಳಂತೆ. ಮಾತಾಡಿ ಮಾತಾಡಿ ದನಿ ಬಿದ್ದುಹೋಗಿತ್ತು.

“ಅಜ್ಜಿ, ಇಲ್ಲಿಂದ ಇಡೀ ಊರು ಕಾಣುತ್ತೆ. ನದಿಯದೂ ಫೋಟೋ ತೆಗೆದಿದೀನಿ. ಎಲ್ಲಾ ಕಳಿಸ್ತೀನಿ, ಕಣ್ಣು ಸರಿಯಾದ ಮೇಲೆ ನೋಡ್ತೀಯಾ, ಪ್ಲೀಸ್?”

“ಕೂಡದು,” ಎಂದರು ಅಂಬುಜಮ್ಮ. “ಆ ನದಿಗೆ ನಾನು ಹಂಸ ಬಿಟ್ಟಾಗಿದೆ.”