ಯತಿನ್‌ನ ಅಂಗಿಯ ನಾತ

ಛೀ! ಗಂಡನ ಅಂಗಿಯನ್ನು ವಾಷಿಂಗ್ ಮಶೀನಿಗೆ ಹಾಕಲು ಎತ್ತಿದವಳೇ ತೃಪ್ತಿ ಮೂಗು ಮುಚ್ಚಿಕೊಂಡಳು. ತೋಳಿನ ಅಂಚನ್ನು ಇನ್ನೊಮ್ಮೆ ಮೂಸಿದಳು. ಮೀನು. ಅದೂ ಬಂಗುಡೆ. ಹುಟ್ಟಿದಂದಿನಿಂದ ಇಂಥ ನಾತ ಅವಳ ಮೂಗಿಗೆ ಬಡಿದಿರಲಿಲ್ಲ. ಸಿಂಕಿಗೆ ಓಡಿ ಕುಡಿದ ಚಹಾವನ್ನೆಲ್ಲ ಕಕ್ಕಿದಳು.

ಸಾನಪಾಡಾದ ಈ ಫ್ಲ್ಯಾಟಿನಲ್ಲಿ ಏಕಾದಶಿಯಂದು ಈರುಳ್ಳಿಯ ಹೆಸರೆತ್ತುವಂತಿಲ್ಲ. ಅತ್ತೆ ವಿಮಲಾ ಉಡುಪಿಯ ಮಡಿ ಮೈಲಿಗೆಯನ್ನು ಲಿಫ್ಟ್ ಹತ್ತಿಸಿ ಆರನೆಯ ಮಹಡಿಗೆ ತಂದವರು. ಮದುವೆಗೆ ಒಪ್ಪುವಾಗ ಅವರು ಹಾಕಿದ್ದು ಒಂದೇ ಷರತ್ತು: ಮೀನಿನ ಗಾಳಿಯೂ ಈ ಹೊಸ್ತಿಲು ದಾಟಬಾರದು. ತೃಪ್ತಿ ದೇವರ ಮುಂದೆ ಮಾತು ಕೊಟ್ಟಿದ್ದಳು, ಒಂದು ದಿನವೂ ತಪ್ಪಿರಲಿಲ್ಲ.

ನಾತ ಮುಚ್ಚಿಟ್ಟರೆ ಅಡಗುತ್ತದೆಯೇ? ಅತ್ತೆ ಮೂಗು ಹಿಡಿದೇ ಬಂದರು.

"ಒಂದು ದಿನ ಹೀಗೆ ಆಗ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು."

"ಅಂಗಿ ಅವರದ್ದು, ಅತ್ತೆ."

"ಅವನು ಕೆಟ್ಟದ್ದೇ ನಿನ್ನಿಂದ. ಇದು ಇತ್ಯರ್ಥ ಆಗುವವರೆಗೆ ಒಲೆ ಮುಟ್ಟಬೇಡ. ಇಲ್ಲದಿದ್ದರೆ ಡೊಂಬಿವಲಿಗೆ, ನಿನ್ನ ಅಮ್ಮನ ಮನೆಗೆ ನಡಿ!"

ತೃಪ್ತಿಯ ಮೈ ಉರಿಯಿತು. ಮಾಡಿದ್ದುಣ್ಣೋ ಮಹರಾಯ ಅಂತಾರೆ. ಇಲ್ಲಿ ಮಾಡಿದವನೊಬ್ಬ, ಉಣ್ಣುವವಳು ಇನ್ನೊಬ್ಬಳು!

ಯತಿನ್ ಮಹಾಪೆಯ ಸಣ್ಣ ಗೇಮ್ ಕಂಪನಿಯೊಂದರಲ್ಲಿ ಪ್ರೋಗ್ರಾಮರ್. ಮೊದಲು ಮಿಠಾಯಿ ಒಡೆಯುವ ಆಟಗಳಿಗೆ ಕೋಡ್ ಬರೆಯುತ್ತಿದ್ದ, ಈಗ ರಾಕ್ಷಸರನ್ನು ಕೊಲ್ಲುವ ಆಟಕ್ಕೆ. ಬಿಡುಗಡೆ ಹತ್ತಿರ ಬಂತೆಂದು ಶನಿವಾರವೂ ಹೋಗುತ್ತಿದ್ದ. ಮನೆಗೆ ಬಂದರೆ ಊಟ ಬೇಡ. ಹತ್ತಿರ ಹೋದರೆ ಸ್ನಾನಕ್ಕೆ ಓಟ. ಹೊರಗೆ ಯಾವಳೋ ಬಡಿಸುತ್ತಿದ್ದಾಳೆ, ಇವನು ಚಪ್ಪರಿಸುತ್ತಿದ್ದಾನೆ! ಥೂ, ಇಂಥದ್ದನ್ನು ಬಡಿಸುವ ಆ ಕೊಳಕಿ ಯಾರು?

ಅಂಗಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಗಂಡನ ಆಫೀಸಿಗೆ ರಿಕ್ಷಾ ಹಿಡಿದಳು. ಅತ್ತೆಯೂ ಹತ್ತಿ ಕೂತರು.

"ಮ್ಯಾಡಮ್, ಅಂದರ್ ರೆಕಾರ್ಡಿಂಗ್ ಚಾಲೂ ಹೈ!" ಎಂದು ಆಫೀಸಿನ ಹುಡುಗಿ ಕೂಗುತ್ತಿದ್ದಂತೆ ತೃಪ್ತಿ ದಪ್ಪ ಬಾಗಿಲನ್ನು ತಳ್ಳಿದಳು.

ಒಳಗೆ ಯಾವಳೂ ಇರಲಿಲ್ಲ. ಮೂಗಿಗೆ ಕರ್ಚೀಫು ಕಟ್ಟಿಕೊಂಡ ಯತಿನ್ ಒಬ್ಬನೇ ಮೈಕಿನ ಮುಂದೆ ಕೂತು, ಟಬ್ಬಿನೊಳಗಿನ ಮೀನುಗಳನ್ನು ಎರಡೂ ಕೈಯಲ್ಲಿ ಹಿಸುಕುತ್ತಿದ್ದ. ಪಚಕ್, ಪಚಕ್.

"ಅಮ್ಮಾ! ದೇವರಾಣೆ, ಒಂದು ತುಂಡೂ ತಿನ್ಲಿಲ್ಲ!" ಅವನು ಎದ್ದು ನಿಂತ. "ಆಟದಲ್ಲಿ ರಾಕ್ಷಸನ ಹೊಟ್ಟೆ ಒಡೆಯುವ ಸದ್ದು ಬೇಕಿತ್ತು. ಇಲ್ಲಿ ಜನ ಕಡಿಮೆ, ಸದ್ದೂ ನಾನೇ ಮಾಡ್ಬೇಕು. ಈ ನಾತಕ್ಕೆ ನನಗೇ ಊಟ ಸೇರುದಿಲ್ಲ."

"ರಾಮ ರಾಮ!" ಅತ್ತೆ ಬಾಗಿಲಿಗೊರಗಿದರು. ಮಗ ಕೆಟ್ಟಿರಲಿಲ್ಲ. ಸೊಸೆಯದೂ ತಪ್ಪಿರಲಿಲ್ಲ. ಹುಳ್ಳಗೆ ನಕ್ಕು ತೃಪ್ತಿಯ ತೋಳು ಹಿಡಿದರು. "ಬಾ ಮಾರಾಯ್ತಿ, ಮನೆಗೆ ಹೋಗುವ. ಒಲೆ ನಿನ್ನದೇ."

ತೃಪ್ತಿ ಕದಲಲಿಲ್ಲ. ಅವಳ ಅಸಹ್ಯ ಇಳಿಯುವ ಬದಲು ನೆತ್ತಿಗೇರಿತ್ತು. ಸೀದಾ ಟಬ್ಬಿಗೆ ಬರಿಗೈ ಹಾಕಿ ಒಂದು ಬಂಗುಡೆಯನ್ನು ಎತ್ತಿ, ಹೆಬ್ಬೆರಳಿನಿಂದ ಕಿವಿರು ಬಿಡಿಸಿ ನೋಡಿದಳು.

"ಥೂ! ಕಿವಿರೆಲ್ಲ ಕಪ್ಪು, ಕಣ್ಣು ಗುಳಿ ಬಿದ್ದಿದೆ! ಇಂಥಾ ಕೊಳೆತ ಮೀನನ್ನು ಅಳಿಯ ದುಡ್ಡು ಕೊಟ್ಟು ತಂದ ಅಂತ ಗೊತ್ತಾದ್ರೆ, ಡೊಂಬಿವಲಿ ಮಾರ್ಕೆಟಿನಲ್ಲಿ ಮೀನು ಮಾರಿಯೇ ನನ್ನನ್ನು ಸಾಕಿದ ಅಮ್ಮನಿಗೆ ನಾನು ಹೇಗೆ ಮುಖ ತೋರಿಸುದು ಮಾರಾಯ್ರೇ?"